ಬಿಟ್ಟವರು, ಬಂದು ಸೇರಿದವರು

ಜಿಲಾನಿಸಾಬರ ಜೊತೆ ನಾನು ಒಂದೇ ಕೋಣೆಯಲ್ಲಿ ಕೂತು ಹದಿಮೂರು ವರ್ಷ ಕೆಲಸ ಮಾಡಿದೆ. ಅದರಲ್ಲಿ ಹನ್ನೆರಡು ವರ್ಷ ಜಗಳದಲ್ಲೇ ಹೋಯಿತು ಎಂದರೆ ಸುಳ್ಳಲ್ಲ. ಅವರು ಗುಮಾಸ್ತರು, ನಾನು ಟೈಪಿಸ್ಟ್, ಹೆಸರು ಆದೆಮ್ಮ. ನಮ್ಮದು ಸಿಂಧನೂರಿನ ಒಂದು ಡಿಗ್ರಿ ಕಾಲೇಜು. ಹೆಸರು ಬೇಡ. ನಮ್ಮ ಕಾಲದ ತಪ್ಪನ್ನು ಈಗ ಅಲ್ಲಿರುವವರ ತಲೆಗೆ ಯಾಕೆ ಕಟ್ಟಬೇಕು? ನಾನು ಮಸ್ಕಿಯವಳು. ದಿನಾ ಬೆಳಗ್ಗೆ ಬಸ್ಸು ಹತ್ತಿ ಬಂದು ಸಂಜೆ ಅದೇ ಬಸ್ಸಿಗೆ ಜೋತುಬಿದ್ದು ಮನೆ ಸೇರುತ್ತಿದ್ದೆ. ನನಗೆ ಸಿಟ್ಟು ಜಾಸ್ತಿ ಎಂದು ಇಡೀ ಕಾಲೇಜಿಗೆ ಗೊತ್ತಿತ್ತು. ಆ ಸಿಟ್ಟು ಒಬ್ಬ ಹೆಣ್ಣುಮಗಳ ಎಂಟು ವರ್ಷ ತಿಂದಿತು. ಅದನ್ನು ಹೇಳದೆ ಜಿಲಾನಿಸಾಬರ ಬಗ್ಗೆ ಏನು ಹೇಳಿದರೂ ಅರ್ಧ ಹೇಳಿದಂತೆ.

ಜಿಲಾನಿಸಾಬರು ಲಿಂಗಸುಗೂರಿನವರು. ಅವರ ತಂದೆ ನಿಜಾಮರ ಕಾಲದಲ್ಲಿ ಯಾವುದೋ ಕಚೇರಿಯಲ್ಲಿ ದಫ್ತರ ಕಟ್ಟಿಡುವ ಕೆಲಸ ಮಾಡಿದವರು. ಮಗನಿಗೆ ಬಂದದ್ದು ಅದೇ ಅಚ್ಚುಕಟ್ಟು, ಅದೇ ಹಟ. ಮ್ಯಾಟ್ರಿಕ್ ಮುಗಿಸಿ ಅಲ್ಲಿ ಇಲ್ಲಿ ದುಡಿದು, ಸಿಂಧನೂರಿನಲ್ಲಿ ಕಾಲೇಜು ಶುರುವಾದಾಗ ಗುಮಾಸ್ತರಾಗಿ ಸೇರಿಕೊಂಡರು. ಸಾವಿರಾರು ಹುಡುಗರನ್ನು ಬಿ.ಎ.ಗೆ ದಾಖಲು ಮಾಡಿಕೊಂಡ ಮನುಷ್ಯ ತಾನು ಒಂದು ದಿನವೂ ಕಾಲೇಜು ಓದಿರಲಿಲ್ಲ. ಅದರ ಬಗ್ಗೆ ಅವರಿಗೆ ನಾಚಿಕೆಯಿರಲಿಲ್ಲ, ಆಸೆ ಇತ್ತು. ಪದವಿ ಪ್ರಮಾಣಪತ್ರಗಳ ಕಟ್ಟು ವಿಶ್ವವಿದ್ಯಾಲಯದಿಂದ ಬಂದಾಗ ಕೈ ತೊಳೆದುಕೊಂಡು ಬಂದೇ ಅದನ್ನು ಬಿಚ್ಚುತ್ತಿದ್ದರು.

ಅವರ ಜೀವ ಇದ್ದದ್ದು ವಾರ್ಷಿಕ ತಖ್ತೆಯಲ್ಲಿ. ಪ್ರತಿ ಜುಲೈಗೆ ವಿಶ್ವವಿದ್ಯಾಲಯಕ್ಕೆ ಹೋಗಬೇಕಾದ ಲೆಕ್ಕಪಟ್ಟಿ ಅದು. ಮೂರು ವರ್ಷದ ಹಿಂದೆ ದಾಖಲಾದವರು ಎಷ್ಟು, ನಡುವೆ ಬಿಟ್ಟವರು ಎಷ್ಟು, ಬೇರೆ ಕಡೆಯಿಂದ ಬಂದು ಸೇರಿದವರು ಎಷ್ಟು, ಪರೀಕ್ಷೆಗೆ ಕೂತವರು, ಪಾಸಾದವರು, ಪದವಿ ಪಡೆದವರು. ಒಂದೊಂದು ಸಂಖ್ಯೆಯ ಹಿಂದೆಯೂ ಹೆಸರಿನ ಪಟ್ಟಿ. ಸಂಖ್ಯೆಗಳು ಬಲಕ್ಕೆ ಹೋದಂತೆ ಸಣ್ಣದಾಗುತ್ತಿದ್ದವು. ನೂರು ಮಂದಿ ಸೇರಿದರೆ ಮೂವತ್ತು ಮಂದಿ ಪಾಸು. ಪದವಿ ಪತ್ರಕ್ಕೆ ಬೇರೆ ಅರ್ಜಿ ಹಾಕಬೇಕಾಗಿತ್ತು, ಆದ್ದರಿಂದ ಅದನ್ನು ತೆಗೆದುಕೊಳ್ಳುವವರು ಎಂಟೋ ಹತ್ತೋ ಮಂದಿ. ಅಂಕಪಟ್ಟಿ ಕೈಗೆ ಬಂದರೆ ಸಾಕೆಂದು ಉಳಿದವರು ಹೊಲಕ್ಕೆ, ಅಂಗಡಿಗೆ, ಗಂಡನ ಮನೆಗೆ ಹೋಗಿಬಿಡುತ್ತಿದ್ದರು. ಜಿಲಾನಿಸಾಬರಿಗೆ ಮಾತ್ರ ಎಲ್ಲವೂ ತಾಳೆಯಾಗಬೇಕು. ಮೊದಲ ಸಂಖ್ಯೆಯಿಂದ ಬಿಟ್ಟವರನ್ನು ಕಳೆದು, ಬಂದು ಸೇರಿದವರನ್ನು ಕೂಡಿದರೆ ಪರೀಕ್ಷೆಗೆ ಕೂತವರ ಸಂಖ್ಯೆ ಬರಬೇಕು. ಬಂದರೆ "ಬರೋಬರ್!" ಎಂದು ಮೇಜು ಕುಟ್ಟುತ್ತಿದ್ದರು. ಆಮೇಲೆ ತಾವೇ ಬಸ್ಸು ಹತ್ತಿ, ಮಸ್ಕಿ, ಲಿಂಗಸುಗೂರು ದಾಟಿ, ಫೈಲನ್ನು ತೊಡೆಯ ಮೇಲಿಂದ ಇಳಿಸದೆ ವಿಶ್ವವಿದ್ಯಾಲಯಕ್ಕೆ ಮುಟ್ಟಿಸಿ ಬರುತ್ತಿದ್ದರು.

ಇನ್ನೊಂದು ಗುಣ ಇತ್ತು. ಹುಡುಗಿಯರು ಅರ್ಜಿ ಹಿಡಿದು ಬಂದರೆ ಅವರು ತಲೆ ಎತ್ತುತ್ತಿರಲಿಲ್ಲ. "ಹೆಸರು ಹೇಳವ್ವ, ಅಪ್ಪನ ಹೆಸರು ಹೇಳವ್ವ" ಎಂದು ಪೆನ್ನಿನ ತುದಿ ನೋಡುತ್ತಲೇ ಬರೆದುಕೊಳ್ಳುತ್ತಿದ್ದರು. ನಮ್ಮ ಕಡೆ ಹೆಣ್ಣುಮಕ್ಕಳನ್ನು ಕಾಲೇಜಿಗೆ ಕಳಿಸುವುದೇ ಒಂದು ದೊಡ್ಡ ಮಾತು. ಅಂಥದರಲ್ಲಿ ಗುಮಾಸ್ತ ಮುಖ ನೋಡಿದ ಎಂಬ ಒಂದು ಮಾತು ಹುಟ್ಟಿದರೆ ಅಪ್ಪಂದಿರು ಮರುದಿನವೇ ಮಗಳನ್ನು ಬಿಡಿಸುತ್ತಾರೆಂದು ಅವರ ಲೆಕ್ಕ. "ಸಾಬ್ರೆ, ನಿಮ್ಮ ಹೇಣ್ತೀನೇ ಬಂದು ನಿಂತ್ರೂ ಅಪ್ಪನ ಹೆಸರು ಕೇಳ್ತೀರಿ ನೀವು" ಎಂದು ನಾನು ಕಾಡುತ್ತಿದ್ದೆ. "ಕೇಳ್ತೀನವಾ. ಆಕೀನೂ ಹೇಳ್ತಾಳ" ಎಂದು ನಗುತ್ತಿದ್ದರು.

1983ರಲ್ಲಿ ತುರ್ವಿಹಾಳದಿಂದ ಗ್ಯಾನಮ್ಮ ಎಂಬ ಹುಡುಗಿ ಬಂದು ಸೇರಿದಳು. ಅಪ್ಪ ದುರುಗಪ್ಪ, ನಾಲ್ಕೆಕರೆ ಭತ್ತದ ಗದ್ದೆಯವನು. ಆ ವರ್ಷ ಬಿ.ಎ.ಗೆ ದಾಖಲಾದ ನೂರಾ ಹನ್ನೆರಡು ಮಂದಿಯಲ್ಲಿ ಹುಡುಗಿಯರು ಹದಿನೇಳು. ಗ್ಯಾನಮ್ಮ ತುರ್ವಿಹಾಳದ ಬಸ್ಸಿಗೆ ಕಾಯುವಾಗ ನಮ್ಮ ಕೋಣೆಯಲ್ಲಿ ಬಂದು ಕೂಡುತ್ತಿದ್ದಳು. ಸುಮ್ಮನೆ ಕೂಡುವ ಹುಡುಗಿಯಲ್ಲ. ಅಕ್ಕ, ಈ ಗುಂಡಿ ಏನು, ಒತ್ತಕ್ಷರ ಎಲ್ಲಿಂದ ಬರುತ್ತದೆ, ನಿಮ್ಮ ಬೆರಳು ನೋಯುವುದಿಲ್ಲವೇ, ಪ್ರಶ್ನೆಯ ಮೇಲೆ ಪ್ರಶ್ನೆ. ಎರಡು ವರ್ಷ ಅವಳ ಮುಖ ನೋಡಿದ್ದೇನೆ. ಎಡಹುಬ್ಬಿನ ಮೇಲೆ ಒಂದು ಗಾಯದ ಗೆರೆ ಇತ್ತು. ಅಷ್ಟು ಹೊತ್ತೂ ಜಿಲಾನಿಸಾಬರು ಎದುರಿನ ಮೇಜಿನಲ್ಲಿ ತಲೆ ತಗ್ಗಿಸಿಕೊಂಡೇ ಇದ್ದರು.

ಎರಡನೆಯ ವರ್ಷ ಮುಗಿದ ಬೇಸಿಗೆಯಲ್ಲಿ ಅವಳ ಮದುವೆಯಾಯಿತು. ಗಂಡ ನಮ್ಮ ಮಸ್ಕಿಯ ಮಾಳಿಂಗಪ್ಪ, ಹಿಟ್ಟಿನ ಗಿರಣಿ ನಡೆಸುವವನು. ಒಳ್ಳೆಯ ಮನುಷ್ಯ. ಕಾಲೇಜಿಗೆ ಬರುವುದು ನಿಂತರೂ ಮನೆಯಲ್ಲೇ ಓದಿ ಪರೀಕ್ಷೆಗೆ ಕೂಡಲಿ ಎಂದವನೂ ಅವನೇ. ಆದರೆ ಒಂದು ತೊಡಕು ಬಂತು. ಅತ್ತೆಯ ಹೆಸರೂ ಗ್ಯಾನಮ್ಮ! ನಮ್ಮಲ್ಲಿ ಅತ್ತೆಯ ಹೆಸರನ್ನು ಸೊಸೆ ಬಾಯಲ್ಲಿ ಆಡುವುದಿಲ್ಲ. ತಾಯಿಯ ಹೆಸರು ಹಿಡಿದು ಹೆಂಡತಿಯನ್ನು ಕೂಗುವುದು ಗಂಡನಿಗೂ ಆಗದ ಮಾತು. ಹೀಗಾದಾಗ ಸೊಸೆಗೆ ಬೇರೆ ಹೆಸರಿಡುತ್ತಾರೆ. ಅಕ್ಕಿಯ ತಟ್ಟೆಯಲ್ಲಿ ಉಂಗುರದಿಂದ ಹೊಸ ಹೆಸರು ಬರೆಸಿ ಅವಳನ್ನು ಮನೆ ತುಂಬಿಸಿಕೊಂಡರು. ತುರ್ವಿಹಾಳದ ಗ್ಯಾನಮ್ಮ ಮಸ್ಕಿಯಲ್ಲಿ ಕಸ್ತೂರೆಮ್ಮ ಆದಳು. ಇದು ಮನೆಮನೆಯ ಸಂಗತಿ. ಯಾರೂ ಇದನ್ನು ವಿಚಿತ್ರ ಅಂದುಕೊಳ್ಳುವುದಿಲ್ಲ.

ಮರುವರ್ಷ ಜನವರಿಯಲ್ಲಿ ಕೊನೆಯ ಪರೀಕ್ಷೆಗೆ ಅರ್ಜಿ ತುಂಬುವ ದಿನ. ಕೊನೆಯ ತಾರೀಖು ಬೇರೆ, ಕಿಟಕಿಯ ಮುಂದೆ ಜಾತ್ರೆಯಷ್ಟು ಜನ. ಮಾಳಿಂಗಪ್ಪ ಹೆಂಡತಿಯನ್ನೂ ತಾಯಿಯನ್ನೂ ಕರೆದುಕೊಂಡು ಬಂದಿದ್ದ. ಅತ್ತೆಗೆ ಸಿಂಧನೂರಿನಲ್ಲಿ ಹಲ್ಲು ತೋರಿಸುವುದಿತ್ತಂತೆ. ಸೊಸೆ ತಲೆಯ ಮೇಲೆ ಸೆರಗು ಹೊದ್ದು ನಿಂತಿದ್ದಳು.

"ಹೆಸರು ಹೇಳವ್ವ" ಎಂದರು ಜಿಲಾನಿಸಾಬರು, ಎಂದಿನಂತೆ ಪೆನ್ನಿನ ತುದಿ ನೋಡುತ್ತ.

ಅವಳು ಮಾತಾಡಲಿಲ್ಲ. ಹೇಗೆ ಮಾತಾಡುತ್ತಾಳೆ? ಅವಳ ಹೆಸರೇ ಅತ್ತೆಯ ಹೆಸರು, ಅತ್ತೆ ಪಕ್ಕದಲ್ಲೇ ನಿಂತಿದ್ದಾಳೆ. ಗಂಡನ ಮುಖ ನೋಡಿದಳು. ಅವನಿಗೂ ತಾಯಿಯ ಎದುರು ಆ ಹೆಸರು ನಾಲಿಗೆಗೆ ಬರಲಿಲ್ಲ.

"ಕಸ್ತೂರೆಮ್ಮ ಅಂತ ಬರ್ಕೊಳ್ರಿ. ಕಸ್ತೂರೆಮ್ಮ ಗಂಡ ಮಾಳಿಂಗಪ್ಪ, ಮಸ್ಕಿ" ಎಂದ.

ಜಿಲಾನಿಸಾಬರು ದಾಖಲಾತಿ ಪುಸ್ತಕ ತಿರುವಿದರು. ಕಸ್ತೂರೆಮ್ಮ ಎಂಬ ಹೆಸರಿಲ್ಲ. ಮಸ್ಕಿ ಲಿಂಗಸುಗೂರು ತಾಲೂಕಿಗೆ ಸೇರಿದ್ದು. ಆ ಕಡೆಯ ಯಾವುದೋ ಕಾಲೇಜಿನಿಂದ ಬಂದವಳಿರಬೇಕು, ಕಾಗದ ಹಿಂದಿನಿಂದ ಬರುತ್ತವೆ ಎಂದು ತಾವೇ ತೀರ್ಮಾನಿಸಿ, ಹೊಸ ಸಾಲಿನಲ್ಲಿ ಬರೆದುಕೊಂಡು "ಮುಂದ ಬರ್ರಿ" ಎಂದರು. ನಾನು ಟೈಪ್ ಮಾಡುತ್ತ ತಲೆ ಎತ್ತಿ ನೋಡಿದೆ. ಸೆರಗಿನೊಳಗಿಂದ ಹುಬ್ಬಿನ ಗೆರೆ ಕಂಡಿತು. ಅವಳು ನನಗೆ ಸಣ್ಣಗೆ ನಕ್ಕಳು, ನಾನೂ ನಕ್ಕೆ. ಆಗ ನನ್ನ ಮನಸ್ಸಿನಲ್ಲಿ ಯಾವ ಪಾಪವೂ ಇರಲಿಲ್ಲ.

ಪಾಪ ಬಂದದ್ದು ಜುಲೈಗೆ. ಆ ಸಲದ ತಖ್ತೆಯಲ್ಲಿ ನೂರಾ ಹನ್ನೆರಡರ ಬದಲು ನಾನು ನೂರಾ ಇಪ್ಪತ್ತೊಂದು ಎಂದು ಟೈಪ್ ಮಾಡಿದೆ. ಯಾರ ಬೆರಳು ತಪ್ಪುವುದಿಲ್ಲ ಹೇಳಿ? ಜಿಲಾನಿಸಾಬರು ಪ್ರಿನ್ಸಿಪಾಲರ ಎದುರಿಗೇ ಹನ್ನೊಂದು ಹಾಳೆ ಹರಿದು ಹಾಕಿ, ಮತ್ತೆ ಟೈಪ್ ಮಾಡು ಎಂದರು. ನಾನು ಏನೋ ಸಮಜಾಯಿಷಿ ಹೇಳಲು ಹೋದೆ. "ಟೈಪ್ ಮಾಡಾಕ ಕಣ್ಣು ಸಾಕು ಬೇಟಿ, ತಲಿ ಬ್ಯಾಡ" ಎಂದುಬಿಟ್ಟರು. ಪ್ರಿನ್ಸಿಪಾಲರು ನಕ್ಕರು. ನನ್ನ ಮೈಯೆಲ್ಲ ಉರಿದುಹೋಯಿತು. ಆಯಿತು ಸಾಬರೇ, ಇನ್ನು ಮೇಲೆ ಬರೀ ಕಣ್ಣು, ಎಂದು ನಿಶ್ಚಯ ಮಾಡಿಕೊಂಡೆ.

ಮತ್ತೆ ಟೈಪ್ ಮಾಡುತ್ತ ಹೆಸರಿನ ಪಟ್ಟಿಗೆ ಬಂದೆ. ಬಿಟ್ಟವರು, ಅಂದರೆ ತಮ್ಮ ಹೆಸರಿನಲ್ಲಿ ಪರೀಕ್ಷೆಗೆ ಅರ್ಜಿ ತುಂಬದವರು, ನಲವತ್ತೊಂದು ಮಂದಿ. ಅದರಲ್ಲಿ, "ಗ್ಯಾನಮ್ಮ ತಂದೆ ದುರುಗಪ್ಪ, ತುರ್ವಿಹಾಳ. ಮದುವೆಯ ಕಾರಣ." ಮುಂದಿನ ಹಾಳೆಯಲ್ಲಿ ಬಂದು ಸೇರಿದವರು ನಾಲ್ಕು ಮಂದಿ. ಅದರಲ್ಲಿ, "ಕಸ್ತೂರೆಮ್ಮ ಗಂಡ ಮಾಳಿಂಗಪ್ಪ, ಮಸ್ಕಿ." ನನ್ನ ಬೆರಳು ನಿಂತವು. ಇಬ್ಬರೂ ಒಬ್ಬಳೇ ಎಂದು ನನಗೆ ಗೊತ್ತಿತ್ತು, ನನಗೊಬ್ಬಳಿಗೇ ಗೊತ್ತಿತ್ತು. ಎದುರಿನ ಮೇಜಿಗೆ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ತಲೆ ಬೇಡವಲ್ಲ? ಇದ್ದದ್ದು ಇದ್ದಂತೆ ಟೈಪ್ ಮಾಡಿ ಮುಂದಿಟ್ಟೆ. ಜಿಲಾನಿಸಾಬರು ಕೂಡಿ ಕಳೆದು ನೋಡಿದರು. ನೂರಾ ಹನ್ನೆರಡರಲ್ಲಿ ನಲವತ್ತೊಂದು ಹೋಗಿ, ನಾಲ್ಕು ಬಂದರೆ ಎಪ್ಪತ್ತೈದು. ಪರೀಕ್ಷೆಗೆ ಕೂತವರು ಎಪ್ಪತ್ತೈದು.

"ಬರೋಬರ್!" ಎಂದು ಮೇಜು ಕುಟ್ಟಿದರು. ಒಂದು ಕಡೆ ಒಬ್ಬಳು ಹೆಚ್ಚು, ಇನ್ನೊಂದು ಕಡೆ ಒಬ್ಬಳು ಹೆಚ್ಚು. ತಪ್ಪು ತನ್ನನ್ನು ತಾನೇ ಮುಚ್ಚಿಕೊಂಡಿತ್ತು. ನನಗೆ ಒಳಗೊಳಗೇ ನಗು ಬಂತು, ಅದನ್ನೂ ಹೇಳಿಬಿಡುತ್ತೇನೆ.

ಆಮೇಲೆ ನಾನು ಮರೆತೆ. ಅವಳು ಪಾಸಾದಳು, ಕಸ್ತೂರೆಮ್ಮನ ಹೆಸರಿನಲ್ಲಿ ಅಂಕಪಟ್ಟಿ ಬಂತು, ಗಿರಣಿಯಲ್ಲಿ ಗಂಡನ ಜೊತೆ ನಿಂತಳು, ಎರಡು ಮಕ್ಕಳಾದವು. ಜೋಳ ಬೀಸಿಸಲು ಹೋದಾಗ ನಾನೂ ಅವಳನ್ನು ಕಸ್ತೂರೆಮ್ಮ ಎಂದೇ ಕರೆಯುತ್ತಿದ್ದೆ. ವರ್ಷ ವರ್ಷ ತಖ್ತೆ ಹೋಗುತ್ತಲೇ ಇತ್ತು. ದಾಖಲಾದವರ ಸಂಖ್ಯೆ ಇನ್ನೂರು ದಾಟಿತು. ಜಿಲಾನಿಸಾಬರಿಗೂ ನನಗೂ ಜಗಳ ನಡೆಯುತ್ತಲೇ ಇತ್ತು, ಮಧ್ಯಾಹ್ನ ರೊಟ್ಟಿ ಹಂಚಿಕೊಂಡು ತಿನ್ನುವುದೂ ನಡೆಯುತ್ತಲೇ ಇತ್ತು.

1994ರ ಜೂನಿನಲ್ಲಿ ಒಂದು ಭಾನುವಾರ ಅವಳು ನನ್ನ ಮನೆಗೆ ಬಂದಳು. ಅಂಗನವಾಡಿ ಮೇಲ್ವಿಚಾರಕಿ ಹುದ್ದೆಗೆ ಅರ್ಜಿ ಕರೆದಿದ್ದರು, ಪದವಿ ಆದವರೇ ಬೇಕು. ಅವಳ ವಯಸ್ಸಿಗೆ ಅದೇ ಕೊನೆಯ ಅವಕಾಶ. ಎಸ್ಸೆಸ್ಸೆಲ್ಸಿ ಪ್ರಮಾಣಪತ್ರದಲ್ಲಿ ಗ್ಯಾನಮ್ಮ, ಬಿ.ಎ. ಅಂಕಪಟ್ಟಿಯಲ್ಲಿ ಕಸ್ತೂರೆಮ್ಮ. ಪದವಿ ಪ್ರಮಾಣಪತ್ರವನ್ನು ಗ್ಯಾನಮ್ಮನ ಹೆಸರಿನಲ್ಲಿ ತಂದು ಆಗಸ್ಟ್ ಕೊನೆಯೊಳಗೆ ತೋರಿಸಬೇಕು ಎಂದು ಇಲಾಖೆಯವರು ಹೇಳಿದ್ದರು. ಅವಳು ವಿಶ್ವವಿದ್ಯಾಲಯಕ್ಕೆ ಬರೆದಿದ್ದಳು. ಉತ್ತರ ನನ್ನ ಕೈಗಿತ್ತಳು. ಅದರಲ್ಲಿ ಇದ್ದದ್ದು ಇಷ್ಟೇ. ಕಸ್ತೂರೆಮ್ಮ ಎಂಬುವವರು ಯಾವ ಕಾಲೇಜಿನಲ್ಲೂ ದಾಖಲಾದ ದಾಖಲೆಯಿಲ್ಲ. ಗ್ಯಾನಮ್ಮ ಎಂಬುವವರು ದಾಖಲಾಗಿದ್ದರು, ಆದರೆ ಓದು ಬಿಟ್ಟಿದ್ದಾರೆಂದು ಕಾಲೇಜೇ ಬರೆದುಕೊಟ್ಟಿದೆ. ಇಬ್ಬರಲ್ಲಿ ಯಾರಿಗೂ ಪದವಿ ಕೊಡಲು ಬರುವುದಿಲ್ಲ.

"ಅಕ್ಕ, ಸೇರಿದಾಕಿ ಪಾಸಾಗಿಲ್ಲಂತ, ಪಾಸಾದಾಕಿ ಸೇರಿಲ್ಲಂತ" ಎಂದಳು. "ಹಂಗಾದ್ರ ಬಸುರಿ ಇದ್ದಾಗ ದಿನಾ ಬೆಳಗ್ಗೆ ನಾಕಕ್ಕ ಎದ್ದು ಓದಿದಾಕಿ ಯಾರು?"

ಅವಳು ಅಳಲಿಲ್ಲ. ನನಗೇ ಅಳು ಬಂತು. ಚಹಾ ಮಾಡುವ ನೆಪದಲ್ಲಿ ಒಳಗೆ ಹೋಗಿ ಒಲೆಯ ಮುಂದೆ ಕೂತುಬಿಟ್ಟೆ. ನನಗೆ ಗೊತ್ತಿತ್ತು ಎಂದು ಅವತ್ತೂ ಹೇಳಲಿಲ್ಲ. ಸೋಮವಾರ ಕಾಲೇಜಿಗೆ ಬಾ, ಜಿಲಾನಿಸಾಬರು ದಾರಿ ಹುಡುಕುತ್ತಾರೆ ಎಂದು ಕಳಿಸಿದೆ.

ಸೋಮವಾರ ಜಿಲಾನಿಸಾಬರು ಆ ಪತ್ರ ಓದಿ 1986ರ ತಖ್ತೆ ತೆಗೆದರು. ಎರಡು ಹಾಳೆಗಳನ್ನು ಪಕ್ಕ ಪಕ್ಕ ಇಟ್ಟುಕೊಂಡು ಬಹಳ ಹೊತ್ತು ನೋಡಿದರು. ಅವರ ನಿವೃತ್ತಿಗೆ ಎರಡು ತಿಂಗಳಿತ್ತು. ಹತ್ತೊಂಬತ್ತು ವರ್ಷದಲ್ಲಿ ತಮ್ಮ ತಖ್ತೆ ಒಂದು ಸಲವೂ ತಿರುಗಿ ಬಂದಿಲ್ಲ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದ ಮನುಷ್ಯ.

"ಗಲತ್ ನಂದು" ಎಂದರು. "ತಾಳೆ ಆತಲ್ಲ ಅಂತ ಕಣ್ಣು ಮುಚ್ಚಿದೆ. ಟೈಪ್ ಮಾಡು ಬೇಟಿ, ನಾ ಹೇಳ್ತೀನಿ."

ಅವರು ಹೇಳುತ್ತ ಹೋದರು, ನಾನು ಟೈಪ್ ಮಾಡುತ್ತ ಹೋದೆ. ಈ ತಪ್ಪು ಸಂಪೂರ್ಣವಾಗಿ ಗುಮಾಸ್ತನಾದ ನನ್ನದು, ಇದರಲ್ಲಿ ಬೇರೆ ಯಾರ ಪಾಲೂ ಇರುವುದಿಲ್ಲ, ವಿದ್ಯಾರ್ಥಿನಿಗೆ ಇದರಿಂದ ತೊಂದರೆಯಾಗಬಾರದು. "ಬೇರೆ ಯಾರ ಪಾಲೂ" ಎಂಬ ಮಾತು ಟೈಪ್ ಮಾಡುವಾಗ ಒಂದು ಅಕ್ಷರ ತಪ್ಪಿ ಒತ್ತಿ, ಅಳಿಸಿ ಮತ್ತೆ ಹೊಡೆದೆ. ಆದರೂ ಬಾಯಿ ಬಿಡಲಿಲ್ಲ. ಹೆದರಿಕೆ ಇತ್ತು. ಗೊತ್ತಿದ್ದೂ ಸುಳ್ಳು ದಾಖಲೆ ಮಾಡಿದೆ ಎಂದರೆ ನೌಕರಿ ಉಳಿಯುತ್ತದೆಯೇ?

ಮೂರು ವಾರಕ್ಕೆ ಉತ್ತರ ಬಂತು. ಲಿಂಗಸುಗೂರಿನ ತಾಲೂಕು ಕಚೇರಿಯಲ್ಲಿ ಅಧಿಕಾರಿಯ ಎದುರು ಹೇಳಿಕೆ ಕೊಡಬೇಕು. ಅರ್ಜಿದಾರಳು ಸ್ವತಃ ತನ್ನ ಹೆಸರು ಹೇಳಬೇಕು. ಮನೆಯ ಹಿರಿಯರು ಹೌದು ಎನ್ನಬೇಕು. ಕಾಲೇಜಿನ ಸಿಬ್ಬಂದಿಯಲ್ಲಿ ಒಬ್ಬರು, ಮದುವೆಗೆ ಮೊದಲೂ ಆಮೇಲೂ ಈಕೆಯನ್ನು ಕಣ್ಣಾರೆ ಕಂಡು ಬಲ್ಲವರು, ಗುರುತಿಸಬೇಕು. ಅವಳಿಗೆ ಪಾಠ ಹೇಳಿದ ಮೇಷ್ಟರುಗಳೆಲ್ಲ ವರ್ಗವಾಗಿ ಚೆಲ್ಲಾಪಿಲ್ಲಿಯಾಗಿದ್ದರು. ಉಳಿದವರು ಜಿಲಾನಿಸಾಬರು ಮತ್ತು ನಾನು. "ನಾ ಹೇಳ್ತೀನಿ. ನೀ ಸುಮ್ಮ ಹೆಣ್ಮಕ್ಕಳ ಜೋಡಿ ಬಾ" ಎಂದರು. ನಾನು ಬದುಕಿದೆ ಅಂದುಕೊಂಡೆ.

ಲಿಂಗಸುಗೂರಿನ ಕಚೇರಿಯಲ್ಲಿ ಅಧಿಕಾರಿ ವಯಸ್ಸಾದವರು, ತಾಳ್ಮೆಯ ಮನುಷ್ಯ. ಮೊದಲು ಅವಳನ್ನು ಮುಂದೆ ಕರೆದರು.

"ನಿಮ್ಮ ಪೂರ್ತಿ ಹೆಸರು ಹೇಳ್ರಿ."

ಅವಳು ಬಾಯಿ ತೆರೆದಳು. ಮಾತು ಹೊರಡಲಿಲ್ಲ. ಅತ್ತೆ ಮಗ್ಗುಲಲ್ಲೇ ನಿಂತಿದ್ದಳು. ಒಂಬತ್ತು ವರ್ಷ ಆಡದ ಹೆಸರು ಅದು.

"ಹೆಸರು ಹೇಳ್ರಿ ತಾಯಿ. ನೀವೇ ಹೇಳಬೇಕು, ಕಾನೂನು ಐತಿ."

ಮಾಳಿಂಗಪ್ಪ ನೆಲ ನೋಡುತ್ತಿದ್ದ. ಅವಳ ಕಣ್ಣಲ್ಲಿ ನೀರು ತುಂಬಿತು. ಆಗ ಅತ್ತೆಗೆ ಎಲ್ಲಿತ್ತೋ ಸಿಟ್ಟು, ಸೊಸೆಯ ಬೆನ್ನಿಗೆ ಒಂದು ಗುದ್ದು ಹಾಕಿದಳು.

"ಹೇಳಬೇ! ನಿಮ್ಮಪ್ಪ ಇಟ್ಟ ಹೆಸರು ಅದು. ನಂದೇನ ತಗೊಂಡು ಹೊಂಟೀಯೇನು? ನನ್ನ ಹೆಸರು ಹೇಳಿದ್ರ ನಾ ಏನು ಸಾಯೂದಿಲ್ಲ, ಬಾಯಿ ಬಿಟ್ಟು ಹೇಳು!"

"ಗ್ಯಾನಮ್ಮ" ಎಂದಳು. ಮೊದಲು ಕೇಳಿಸಲಿಲ್ಲ. ಎರಡನೆಯ ಸಲ ಗಟ್ಟಿಯಾಗಿ ಹೇಳಿದಳು. ಹೇಳಿ ಅತ್ತೆಯ ಕಾಲು ಮುಟ್ಟಲು ಬಗ್ಗಿದಳು, ಅತ್ತೆ "ಸಾಕ್ ಸಾಕು" ಎಂದು ಎಬ್ಬಿಸಿದಳು. ಅಧಿಕಾರಿ ಬರೆದುಕೊಂಡರು. ಅತ್ತೆಯೂ ಮಾಳಿಂಗಪ್ಪನೂ ಹೌದು ಎಂದು ಹೇಳಿಕೆ ಕೊಟ್ಟರು.

ಆಮೇಲೆ ಜಿಲಾನಿಸಾಬರ ಸರದಿ.

"1983ರಲ್ಲಿ ದಾಖಲಾದ ಹುಡುಗಿಯೂ 86ರಲ್ಲಿ ಪರೀಕ್ಷೆಗೆ ಅರ್ಜಿ ತುಂಬಿದವರೂ ಇವರೇ ಅಂತ ನೀವು ಕಣ್ಣಾರೆ ಕಂಡೀರೇನು?"

ಹೌದು ಎನ್ನುವ ಒಂದೇ ಮಾತು ಬೇಕಾಗಿತ್ತು. ಅವರು ಹೌದು ಎಂದೇ ಹೇಳಲು ಬಂದಿದ್ದರು, ಬಸ್ಸಿನಲ್ಲಿ ನನಗೂ ಹಾಗೇ ಹೇಳಿದ್ದರು. ಆದರೆ ಬಾಯಿಗೆ ಬಂದಾಗ ಆಗಲಿಲ್ಲ. ಹಣೆಯ ಬೆವರು ಒರೆಸಿಕೊಂಡರು.

"ಇಲ್ಲರಿ. ನಾ ಮುಖ ನೋಡಿಲ್ಲ. ಹುಡುಗೇರ ಮುಖ ನೋಡೂ ಪದ್ಧತಿ ನನಗ ಇಲ್ಲರಿ. ಈಕೀನೇ ಆಕಿ ಅಂತ ನನಗ ಈಗ ತಿಳಿದೈತಿ, ಆದ್ರ ಆವಾಗ ಕಂಡೀನಿ ಅಂತ ಆಣಿ ಮಾಡಾಕ ಬರೂದಿಲ್ಲ."

ಅಯ್ಯೋ ಈ ಮುದುಕನ ಸತ್ಯಕ್ಕಿಷ್ಟು ಬೆಂಕಿ ಬೀಳಲಿ ಎಂದು ನಾನು ಹಲ್ಲು ಕಡಿದೆ. ಅಧಿಕಾರಿ ಪೆನ್ನು ಕೆಳಗಿಟ್ಟರು. "ಹಂಗಾದ್ರ ಇದು ಮುಂದ ಹೋಗೂದಿಲ್ಲಲ್ರಿ" ಎಂದರು. ಗ್ಯಾನಮ್ಮ ನನ್ನತ್ತ ತಿರುಗಿ ನೋಡಿದಳು. ಬೇಡುವ ನೋಟವಲ್ಲ. ಈಗೇನು ಮಾಡುವುದು ಅಕ್ಕ ಎಂದು ಕೇಳುವ ಹಾಗಿತ್ತು, ಅಷ್ಟೇ. ಅವಳಿಗೆ ನನ್ನ ಮೇಲೆ ಒಂದು ಚೂರೂ ಅನುಮಾನವಿರಲಿಲ್ಲ. ಆ ನಂಬಿಕೆಯನ್ನು ತಾಳಿಕೊಳ್ಳಲು ನನ್ನಿಂದ ಆಗಲಿಲ್ಲ.

"ನಾ ಕಂಡೀನ್ರಿ" ಎಂದೆ. "ಎರಡು ವರ್ಷ ನನ್ನ ಮೇಜಿನ ಮುಂದ ಕುಂತಾಕಿ ಈಕಿ. ಅರ್ಜಿ ತುಂಬಾಕ ಬಂದಾಗ ಗುರ್ತು ಹಿಡಿದೀನಿ. ಎಡಹುಬ್ಬಿನ ಮ್ಯಾಲ ಗಾಯದ ಗುರ್ತು ಐತಿ, ನೋಡ್ರಿ."

"ಮತ್ತ ತಖ್ತೆಯೊಳಗ ಎರಡು ಹೆಸರು ಬ್ಯಾರೆ ಬ್ಯಾರೆ ಬಂದಾವಲ್ಲ. ಅದನ್ನ ಟೈಪ್ ಮಾಡಿದವರು ಯಾರು?"

"ನಾನರಿ."

"ಗೊತ್ತಿತ್ತೇನು ಆವಾಗ?"

"ಗೊತ್ತಿತ್ರಿ."

"ಮತ್ತ ಯಾಕ ಹೇಳಲಿಲ್ಲ?"

"ಸಿಟ್ಟಿತ್ರಿ. ಈ ಸಾಬ್ರ ಮ್ಯಾಲ."

ಅಧಿಕಾರಿ ಕನ್ನಡಕ ತೆಗೆದು ನನ್ನನ್ನು ನೋಡಿದರು. "ಸಿಟ್ಟು ಅಂತ ಬರೀಲೇನು?"

"ಬರೀರಿ" ಎಂದೆ. ಬರೆದರು. ಓದಿ ಹೇಳಿದರು. ನಾನು ಸಹಿ ಮಾಡಿದೆ. ಜಿಲಾನಿಸಾಬರ ಮುಖ ನೋಡುವ ಧೈರ್ಯವಿರಲಿಲ್ಲ. ಗ್ಯಾನಮ್ಮನ ಮುಖವನ್ನಂತೂ ನೋಡಲೇ ಇಲ್ಲ.

ಹೊರಗೆ ಬಂದು ಬಸ್ಸಿಗೆ ಕಾಯುವಾಗ ಅವಳು ನನ್ನ ಹತ್ತಿರ ಬಂದಳು. "ಎಂಟು ವರ್ಷ ಅಕ್ಕ" ಎಂದಳು. ಅಷ್ಟೇ. ಬೈದಿದ್ದರೆ ನಾನು ತಿರುಗಿ ಏನಾದರೂ ಅನ್ನುತ್ತಿದ್ದೆ. ಅವಳು ಬೈಯಲಿಲ್ಲ. ಮಸ್ಕಿಯವರೆಗೂ ಅತ್ತೆಯ ಪಕ್ಕದಲ್ಲಿ ಕಿಟಕಿಯ ಹೊರಗೆ ನೋಡುತ್ತ ಕೂತಳು. ಜಿಲಾನಿಸಾಬರು ನನ್ನ ಪಕ್ಕದಲ್ಲಿದ್ದರು. ಮಸ್ಕಿ ಬಂದಾಗ ನಾನು ಇಳಿಯಲು ಎದ್ದೆ.

"ಅವತ್ತು ತಲಿ ಬ್ಯಾಡ ಅಂದಿದ್ದೆ ನಾನು" ಎಂದರು. "ಇಷ್ಟು ವರ್ಷ ಅದನ್ನ ಹೊತ್ತೀಯಲ್ಲ ಬೇಟಿ. ಅಂದದ್ದು ನನಗ ನೆನಪೂ ಇರಲಿಲ್ಲ."

ನನಗೆ ಒಂದು ಮೆಮೊ ಬಂತು, ಒಂದು ವರ್ಷದ ವೇತನ ಬಡ್ತಿ ನಿಂತಿತು. ನೌಕರಿ ಉಳಿಯಿತು. ಮೆಮೊ ಬಂದ ದಿನ ಜಿಲಾನಿಸಾಬರು ಪ್ರಿನ್ಸಿಪಾಲರ ಕೋಣೆಯಲ್ಲಿ ನನಗಾಗಿ ಅರ್ಧ ತಾಸು ಜಗಳವಾಡಿದರೆಂದು ಜವಾನ ಹೇಳಿದ. ಪರಿಷ್ಕೃತ ತಖ್ತೆ ಕಳಿಸಿ ಎಂದು ವಿಶ್ವವಿದ್ಯಾಲಯ ಕೇಳಿತು. ಬಿಟ್ಟವರು ನಲವತ್ತೊಂದು ಇದ್ದದ್ದು ನಲವತ್ತಾಯಿತು, ಬಂದು ಸೇರಿದವರು ನಾಲ್ಕು ಇದ್ದದ್ದು ಮೂರಾಯಿತು. ಕೂಡಿ ಕಳೆದರೆ ಅದೇ ಎಪ್ಪತ್ತೈದು. ಜಿಲಾನಿಸಾಬರು ಈ ಸಲ ಮೇಜು ಕುಟ್ಟಲಿಲ್ಲ. ಫೈಲು ಹಿಡಿದು ತಾವೇ ಹೋಗಿ, ಆ ಊರಲ್ಲಿ ಎರಡು ದಿನ ಕೂತು, ಆಗಸ್ಟ್ ಹತ್ತೊಂಬತ್ತನೆಯ ತಾರೀಖು ಪದವಿ ಪ್ರಮಾಣಪತ್ರದ ಸಮೇತ ಬಂದರು.

ಮರುದಿನ ಗ್ಯಾನಮ್ಮ ಬಂದಳು, ಜೊತೆಗೆ ಮಾಳಿಂಗಪ್ಪ ಮತ್ತು ಅತ್ತೆ. ಪ್ರಮಾಣಪತ್ರದಲ್ಲಿ ಕಪ್ಪು ಮಸಿಯಲ್ಲಿ ಗ್ಯಾನಮ್ಮ ಎಂದು ಬರೆದಿತ್ತು. ಮಾಳಿಂಗಪ್ಪ ಗಟ್ಟಿಯಾಗಿ ಓದಿ ತಾಯಿಗೆ ತೋರಿಸಿದ.

"ಓದಿಲ್ಲ ಬರದಿಲ್ಲ, ಬಿ.ಎ. ಪಾಸಾದೆ ನೋಡ್ರೆಪ್ಪೋ!" ಎಂದಳು ಅತ್ತೆ. ಎಲ್ಲರೂ ನಕ್ಕೆವು. ಗ್ಯಾನಮ್ಮ ನನ್ನ ಮುಖ ನೋಡಿ ನಕ್ಕಳು. ಲಿಂಗಸುಗೂರಿನಿಂದ ಬಂದ ಮೇಲೆ ಅದೇ ಮೊದಲು. ನನ್ನ ಎದೆ ಹಗುರಾಯಿತು. ಇಲಾಖೆಯ ಗಡುವಿಗೆ ಇನ್ನೂ ಹನ್ನೊಂದು ದಿನ ಇತ್ತು. ಅವಳಿಗೆ ಆ ಹುದ್ದೆ ಸಿಕ್ಕಿತು, ಅದನ್ನು ಇಲ್ಲೇ ಹೇಳಿಬಿಡುತ್ತೇನೆ.

ಪ್ರಮಾಣಪತ್ರ ಕೊಟ್ಟದ್ದಕ್ಕೆ ಅವಳ ಸಹಿ ಹಾಕಿಸಿಕೊಳ್ಳಲು ಜಿಲಾನಿಸಾಬರು ಪುಸ್ತಕ ಹುಡುಕುತ್ತಿದ್ದರು. ಪರಿಷ್ಕೃತ ತಖ್ತೆಯ ಪ್ರತಿ ನನ್ನ ಮೇಜಿನ ಮೇಲೆ ಇತ್ತು. ಗ್ಯಾನಮ್ಮ ಅದನ್ನು ಎತ್ತಿಕೊಂಡು, ತನ್ನ ಜೊತೆ ಓದಿದವರ ಹೆಸರುಗಳನ್ನು ಬೆರಳಿಟ್ಟು ಓದುತ್ತ ಹೋದಳು. ಒಂದು ಕಡೆ ಬೆರಳು ನಿಂತಿತು.

"ಇದು ತಪ್ಪಾಗೈತ್ರಿ ಸರ್" ಎಂದಳು. "ಯಮನೂರಮ್ಮ, ಬಳಗಾನೂರು, ಬಿಟ್ಟವರು ಅಂತ ಬರದೀರಿ. ಆಕಿ ಬಿಟ್ಟಿಲ್ಲರಿ. ಪರೀಕ್ಷೆಯೊಳಗ ನನ್ನ ಹಿಂದಿನ ಬೆಂಚಿನ್ಯಾಗ ಕುಂತು ಬರದಾಳ. ನಂದಾದ ಹದಿನೈದು ದಿನಕ್ಕ ಆಕೀದೂ ಮದಿವಿ ಆಗಿತ್ತು."

"ಯಾವ ಹೆಸರಿನ ಮ್ಯಾಲ ಬರದಾಳವ್ವ?" ಎಂದು ಕೇಳಿದರು ಜಿಲಾನಿಸಾಬರು.

"ಅದು ನನಗ ಗೊತ್ತಿಲ್ಲರಿ. ಗಂಡನ ಮನ್ಯಾಗ ಏನಂತ ಕರೀತಿದ್ರೋ."

ಜಿಲಾನಿಸಾಬರು ಅವಳ ಕೈಯಿಂದ ತಖ್ತೆ ತೆಗೆದುಕೊಂಡು ಹಾಳೆ ತಿರುವಿದರು. ಬಂದು ಸೇರಿದವರು ಎಂಬಲ್ಲಿ ಉಳಿದಿದ್ದು ಮೂರು ಹೆಸರು. ಮೂರೂ ಹೆಂಗಸರ ಹೆಸರು. ಮೂರರ ಮುಂದೆಯೂ ಗಂಡನ ಹೆಸರು. ಅವರು ಆ ಮೂರು ಸಾಲಿನ ಕೆಳಗೆ ಬೆರಳಾಡಿಸಿ ನನ್ನ ಕಡೆ ನೋಡಿದರು. ನಾನು ಗೊತ್ತಿಲ್ಲವೆಂದು ತಲೆಯಾಡಿಸಿದೆ. ಆ ಮೂವರು ಬಂದು ನಿಂತ ದಿನ ನಾನು ಮುಖ ಎತ್ತಿಯೂ ನೋಡಿರಲಿಲ್ಲ.

"ಹತ್ತೊಂಬತ್ತು ವರ್ಷದ ತಖ್ತೆನೂ ತಗಿ ಬೇಟಿ" ಎಂದರು.

ಅವರ ನಿವೃತ್ತಿಗೆ ಹನ್ನೊಂದು ದಿನ ಉಳಿದಿತ್ತು. ನಾನು ಕಪಾಟಿನ ಬೀಗ ತೆಗೆದು ಒಂದೊಂದೇ ಫೈಲು ಇಳಿಸಿ ಅವರ ಮುಂದಿಟ್ಟೆ.